ಸಾಹೇಬ ಉಜ್ಜಿದ ತುಂಡು

ಮನೆಯಿಂದ,
ಹನ್ನೊಂದನೇ ತಾರೀಖು, ಗುರುವಾರ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ ಮಗಳೇ? ಆ ಊರಿನ ನೀರು ಒಗ್ಗಿತೇ, ಕೆಮ್ಮು ಹೋಯಿತೇ? ನಾನು ಚೆನ್ನಾಗಿದ್ದೇನೆ. ಕಾಲೇಜಿನ ಇಂಗ್ಲಿಷಿನಲ್ಲಿ ಹೇಳುವುದಾದರೆ ‘ಇನ್ ದಿ ಪಿಂಕ್ ಆಫ್’ ಏನೋ ಒಂದು. ನಿನ್ನ ಅಮ್ಮ ಇದ್ದಿದ್ದರೆ ಉಳಿದರ್ಧ ಹೇಳಿಕೊಡುತ್ತಿದ್ದಳು.

ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯವರ ತರಬೇತಿ ಕೇಂದ್ರದಲ್ಲಿ ಫಿಟ್ಟರ್ ಕೆಲಸಕ್ಕೆ ನೀನೇ ಮೊದಲಿಗಳಾಗಿ ಬಂದರೂ ನಿನ್ನನ್ನು ಪೆಟ್ಟಿಗೆಗೆ ಟೇಪು ಅಂಟಿಸಲು ಕಳಿಸಿದ ಮ್ಯಾನೇಜರು ನೆನಪಿದ್ದಾನಲ್ಲ, ಗರಿಗರಿ ಅಂಗಿ ನೋಡಿ ನಾವು ಇಸ್ತ್ರಿ ಸಾಹೇಬ ಅನ್ನುತ್ತಿದ್ದವನು? ‘ಮುಂದಿನ ಐದು ವರ್ಷಕ್ಕೆ ಯಾವ ಕೆಲಸಕ್ಕೆ ಎಷ್ಟು ಜನ ಅಂತ ಪ್ಲಾನ್ ಮಾಡಿದ್ದೀವಿ ಯಜಮಾನ್ರೇ, ಅದರಲ್ಲಿ ಹುಡುಗೀರಿಗೆ ಪ್ಯಾಕಿಂಗ್ ಮಾತ್ರ’ ಎಂದಿದ್ದ. ನಾನೂ ಸಿಟ್ಟು ನುಂಗಿಕೊಂಡು ‘ಹೊಂದಿಕೊಂಡು ಹೋಗಮ್ಮ’ ಅಂದುಬಿಟ್ಟೆ. ನೀನು ಫಿಟ್ಟರ್ ಕೆಲಸ ಹುಡುಕಿಕೊಂಡು ಆ ಊರಿನ ಬಸ್ಸು ಹತ್ತಿದೆ. ಅವತ್ತಿನಿಂದ ಅವನ ಮೇಲೆ ಹಲ್ಲು ಮಸೆಯುತ್ತಲೇ ಇದ್ದೆ.

ಹೋದ ವರ್ಷ ಅವನೇ ಒಂದು ನಿಯಮ ತಂದ: ಪರೀಕ್ಷೆ ಮಾಡುವವರು ತಾವು ಮೊದಲು ಅದೇ ಪರೀಕ್ಷೆ ಪಾಸಾಗಿರಬೇಕು. ಸರ್ಟಿಫಿಕೇಟಿಲ್ಲದ ನನ್ನಂಥ ಹಳೆಯ ಮೇಸ್ತ್ರಿಗಳನ್ನು ಪರೀಕ್ಷಾ ಸಮಿತಿಯಿಂದ ಓಡಿಸುವ ಉಪಾಯ. ನಾನು ಅರವತ್ತಮೂರನೇ ವಯಸ್ಸಿನಲ್ಲಿ ಮಕ್ಕಳ ಸಾಲಿನಲ್ಲಿ ನಿಂತು ಪಾಸಾದೆ. ನೀನು ನಗುತ್ತೀಯ ಅಂತ ಬರೆದಿರಲಿಲ್ಲ.

ನಿನ್ನೆ ಈ ವರ್ಷದ ಪರೀಕ್ಷೆ. ಸಾಹೇಬ ಅಂಕ ಹಾಕಲು ಪೆನ್ನು ಬಿಚ್ಚಿಕೊಂಡು ಕೂತಿದ್ದ. ನಾನು ಎದ್ದು ಅವನದೇ ನಿಯಮ ಓದಿದೆ. ‘ಸಾರ್, ತಮ್ಮದು ಯಾವಾಗ ಪಾಸಾಯ್ತು?’ ಎಂದು ಬಹಳ ವಿನಯದಿಂದ ಕೇಳಿದೆ. ಕಾರ್ಖಾನೆಯ ಒಡತಿ ಅಲ್ಲೇ ಇದ್ದರು. ‘ಒಂದು ತುಂಡು ತಾನೇ, ಮಾಡಿಬಿಡಿ’ ಅಂದರು. ಅಂಗೈಯಗಲದ ಕಬ್ಬಿಣ, ಉಜ್ಜಲು ಒಂದು ಅರ, ಎರಡು ಗಂಟೆ. ಮೂಲೆ ನೇರ ಬರಬೇಕು, ಅಷ್ಟೆ. ಮಾರಾಯ ಪಾತ್ರೆ ತಿಕ್ಕುವ ಹಾಗೆ ತಿಕ್ಕಿದ! ಬೆವರಿಗೆ ಇಸ್ತ್ರಿಯೆಲ್ಲ ನೀರಾಯಿತು. ನಾನು ಅವನ ತುಂಡಿನ ಮೂಲೆಗೆ ಮೂಲೆಮಟ್ಟ ಇಟ್ಟು ಕಿಟಕಿಯತ್ತ ಹಿಡಿದೆ. ಸಂದಿಯಲ್ಲಿ ಬೆಳಕೋ ಬೆಳಕು. ‘ಇದರಲ್ಲಿ ಇಲಿ ಸಂಸಾರ ಹೂಡಬಹುದು ಸಾರ್’ ಅಂದೆ. ನಲವತ್ತು ಮಕ್ಕಳೂ ಗೊಳ್ಳೆಂದವು. ನಾನು ನಗಲಿಲ್ಲ. ದಪ್ಪಕ್ಷರದಲ್ಲಿ ‘ಅನುತ್ತೀರ್ಣ’ ಎಂದು ಬರೆದು, ಕೆಳಗೆ ಅವನದೇ ರುಜು ಹಾಕಿಸಿಕೊಂಡೆ. ಪುಟ್ಟಿ, ಸುಳ್ಳು ಯಾಕೆ, ಹೊಟ್ಟೆ ತಣ್ಣಗಾಯಿತು.

ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಕೈ ಎಂದೂ ನಡುಗದಿರಲಿ, ನೂರು ವರ್ಷ ಬಾಳು ತಾಯೀ.

ಇಂತು ನಿನ್ನ,
ಅಪ್ಪ

ಬರೆಯಲು ಮರೆತೆ: ಮೂರು ತಿಂಗಳೊಳಗೆ ಪಾಸಾಗದಿದ್ದರೆ ಸಾಹೇಬನ ಕುರ್ಚಿ ಹೋಗುತ್ತದೆ ಎಂದು ಒಡತಿ ಹೇಳಿಬಿಟ್ಟಿದ್ದಾರೆ. ಸೋಮವಾರದಿಂದ ಅವನೂ ಮೊದಲ ವರ್ಷದವರ ಜೊತೆ ಕಲಿಯುತ್ತಾನೆ. ಕಲಿಸಲು ಒಬ್ಬ ಒಳ್ಳೆಯ ಫಿಟ್ಟರ್ ಬೇಕೆಂದು ಒಡತಿ ಕೇಳಿದರು. ನಿನ್ನನ್ನು ಕೇಳದೆ ನಿನ್ನ ಹೆಸರು ಕೊಟ್ಟಿದ್ದೇನೆ, ಬೈಯಬೇಡ. ಬರುವುದಾದರೆ, ಹಾಜರಿ ಕೂಗುವಾಗ ಅವನ ಹೆಸರನ್ನು ಸ್ವಲ್ಪ ಗಟ್ಟಿಯಾಗಿಯೇ ಕೂಗು.