ಸವೆದ ಮ್ಯಾಟಿನ ಮೇಲೆ ಕ್ಲಚ್ಚು

೧೨ ಏಪ್ರಿಲ್ ೧೯೯೮, ಭಾನುವಾರ

ಅಪ್ಪಯ್ಯ ಇವತ್ತಾದರೂ ಮಾತಾಡುತ್ತಾರೋ ಇಲ್ಲವೋ ಎಂಬುದೊಂದೇ ಬೆಳಗಿನಿಂದ ಕೊರೆಯುತ್ತಿತ್ತು. ಅವರ ಎಂಟು ಸಿಲಿಂಡರಿನ ಅಮೆರಿಕನ್ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ನಾನು ಅವರನ್ನು ಕೇಳದೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನಲ್ಲಿ ಬಿಚ್ಚಿ ಹಾಕಿದಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಅದರ ಜಾಗದಲ್ಲಿ ಕೈಯಲ್ಲಿ ಹಾಕುವ ಗೇರು ಕೂರಿಸಿದವನೂ ನಾನೇ, ಕೆಲಸದ ಬಗ್ಗೆ ನನಗೆ ಅನುಮಾನವಿರಲಿಲ್ಲ. ಕ್ಲಚ್ ಪೆಡಲ್ ಎಲ್ಲಿಡಬೇಕೆಂದು ಅಳೆಯಲೂ ಇಲ್ಲ. ಜೀಪಿನಲ್ಲಿ ಪಳಗಿದ ಅಪ್ಪಯ್ಯ ಈ ಕಾರಿನಲ್ಲೂ ತಿರುವು ಬಂದಾಗಲೆಲ್ಲ ಇಲ್ಲದ ಕ್ಲಚ್ಚನ್ನು ತುಳಿದು ತುಳಿದು ಮ್ಯಾಟು ಸವೆಸಿದ್ದರು. ಸವೆದ ಆ ಜಾಗದ ಮೇಲೆಯೇ ಪೆಡಲ್ ಬರುವಂತೆ ಮಾಡಿದೆ.

ಸಂಜೆ ತಾವಾಗಿಯೇ ಬಂದು ನನ್ನಿಂದ ಕೀ ಇಸಿದುಕೊಂಡು ಸ್ಟೀರಿಂಗಿಗೆ ಕೂತರು. ಕೆಳಗೆ ನೋಡದೆ ಎಡಗಾಲು ಇಟ್ಟರು. ಕಾರು ಎಲ್ಲೂ ಎಗರದೆ ಬಂಗಲೆಯ ಏರು ಹತ್ತಿತು.

"ಇಷ್ಟ್ ವರ್ಷ ನನ್ ಕಾಲು ಇದನ್ನೇ ಹುಡುಕ್ತಿತ್ತಲ್ಲ ಮಾರಾಯ!" ಎಂದರು.

ರಾತ್ರಿಯಾಯಿತು, ಕಾರಿನ ಕೀ ಇನ್ನೂ ಅವರ ಜೇಬಿನಲ್ಲೇ ಇದೆ.