ಮಗಳ ಹೆಸರಿನಲ್ಲಿ ಒಂದು ವಾರ

ಶುಕ್ರವಾರ, ಸಂಜೆ

ನನ್ನ ಚಿನಕುರಳಿಗೆ ಅಮ್ಮನ ಮುತ್ತುಗಳು.

ಮೊದಲು ತಟ್ಟೆ ಖಾಲಿ ಮಾಡು, ಆಮೇಲೆ ಇದನ್ನು ಓದು. ನೀನು ಊಟ ಮುಗಿಸುವವರೆಗೆ ಈ ಪತ್ರವನ್ನು ಕೈಗೆ ಕೊಡಬೇಡಿ ಎಂದು ನರ್ಸಮ್ಮನಿಗೆ ಹೇಳಿದ್ದೇನೆ. ಆಕೆ ಗಟ್ಟಿಗಿತ್ತಿ, ನಿನ್ನ ಗಂಟುಮೋರೆಗೆಲ್ಲ ಬಗ್ಗುವವಳಲ್ಲ. ಮಾತನಾಡಿದರೆ ಉಸಿರು ಕಟ್ಟುತ್ತದೆ ಎಂದು ನಿನ್ನ ಫೋನು ತೆಗೆದಿಟ್ಟಿದ್ದಾರಂತೆ. ಆದರೂ ದಿನಾ ಆಕೆಯ ಕೈ ಹಿಡಿದು ನನ್ನ ಕೆಲಸ ಹೋಯ್ತಾ ಅಂತ ಕೇಳುತ್ತೀಯಂತೆ, ಕೇಳಿ ಮಗ್ಗುಲು ತಿರುಗಿ ಮಲಗುತ್ತೀಯಂತೆ, ಎರಡು ತುತ್ತಿಗಿಂತ ಹೆಚ್ಚು ತಿನ್ನುವುದಿಲ್ಲವಂತೆ. ಮೈಯಲ್ಲಿ ಕಸುವಿಲ್ಲದಿದ್ದರೆ ಯಾವ ಔಷಧಿ ತಾನೇ ಕೆಲಸ ಮಾಡೀತು? ಅದಕ್ಕೇ ಆಗಿದ್ದನ್ನು ಆಗಿದ್ದ ಹಾಗೆ ಬರೆಯುತ್ತಿದ್ದೇನೆ. ಹೋಯಿತೋ ಉಳಿಯಿತೋ ಎಂದು ಕೊನೆಯ ಹಾಳೆಗೆ ಹಾರಬೇಡ. ನಿನ್ನ ಅಮ್ಮ ಏನು ಮಾಡಿಟ್ಟಳು ಎಂದು ತಿಳಿಯದೆ ಅದು ಅರ್ಥವಾಗುವುದಿಲ್ಲ. ನಡುವೆ ಸಿಟ್ಟು ಬಂದರೆ ಸದ್ಯಕ್ಕೆ ನುಂಗಿಕೋ, ಮನೆಗೆ ಬಂದ ಮೇಲೆ ಮನಸಾರೆ ಜಗಳವಾಡೋಣ.

ಭಾನುವಾರ ಆಂಬುಲೆನ್ಸ್ ಬಂದಾಗ, ಮೈಯೆಲ್ಲ ಮುಚ್ಚಿಕೊಂಡವರು ನಿನ್ನನ್ನು ಸ್ಟ್ರೆಚರಿಗೆ ಏರಿಸುತ್ತಿದ್ದರೆ, ನಿನ್ನ ಕಣ್ಣು ಮಾತ್ರ ಕಂಪನಿಯವರು ಕಳಿಸಿದ್ದ ಕಂಪ್ಯೂಟರಿನ ಮೇಲೇ ಇತ್ತು. ಮರುದಿನವೇ ಕೆಲಸದ ಮೊದಲ ದಿನ. ಅಮ್ಮ, ಅವರಿಗೆ ಹೇಳ್ಬೇಡ, ನನ್ನ ಗೆಳತಿಗೆ ಆದ ಹಾಗೇ ಆಗುತ್ತೆ ಅಂದೆ. ಆ ಹುಡುಗಿ ಜ್ವರವೆಂದು ಸ್ವಲ್ಪ ದಿನ ಸಮಯ ಕೇಳಿದ್ದಕ್ಕೆ ಅವಳ ಕಂಪನಿ ಬೇರೆಯವರನ್ನು ತೆಗೆದುಕೊಂಡಿತಲ್ಲ, ಅದು ನಿನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನೀನು ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ನನ್ನದೇ ತಲೆ. ಮುಂದೆ ಯಾರಾದರೂ ಕೇಳಿದರೂ ಹೀಗೇ ಹೇಳು.

ಸೋಮವಾರ ಬೆಳಿಗ್ಗೆ ಹೊಲಿಗೆ ಮಿಷನ್ನಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕುಳಿತೆ. ಶಾಲೆಗಳು ಮುಚ್ಚಿದ ಮೇಲೆ ಸಮವಸ್ತ್ರ ಹೊಲಿಸುವವರು ಯಾರು? ಮಿಷನ್ನೂ ಖಾಲಿ, ನಾನೂ ಖಾಲಿ. ನೀನು ಹಾಳೆಯಲ್ಲಿ ಗೀಚಿಟ್ಟಿದ್ದ ಗುಪ್ತ ಪದ ಒತ್ತಿದೆ. ನಿನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿಕೊಂಡಿತು. ಅದು ಹೊತ್ತಿರಲಿ, ನಾನು ಉಸಿರೆತ್ತದೆ ಇದ್ದುಬಿಡೋಣ ಎಂದುಕೊಂಡಿದ್ದೆ. ನಿನ್ನ ಅಮ್ಮ ಉಸಿರೆತ್ತದೆ ಇರುವುದೆಂದರೇನು! ತರಬೇತಿಯ ಸರ್ ನಿನ್ನ ಹೆಸರು ಕೂಗಿದ ತಕ್ಷಣ ಬಂದೇ ಅಂತ ಅಡುಗೆಮನೆಯಿಂದ ಓಗೊಡುವ ಹಾಗೆ ಕೂಗಿಬಿಟ್ಟೆ. ಕ್ಯಾಮೆರಾ ಯಾಕೆ ಹಾಕಿಲ್ಲ ಎಂದರು, ಕೆಟ್ಟಿದೆ ಎಂದೆ. ದನಿ ಯಾಕೆ ಹೀಗಿದೆ ಎಂದರು, ಶೀತ ಎಂದೆ. ಸುಳ್ಳು ಹೇಳುವಾಗ ಕಿವಿ ಬಿಸಿಯಾಗುತ್ತದೆ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು.

ಆ ಸರ್ ಒಳ್ಳೆಯವರು ಕಣೇ. ಅಂಗಿಯ ಎರಡನೇ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ, ಬಟ್ಟೆ ಮುದುರಿಕೊಳ್ಳುವ ಹಾಗೆ ಎಳೆದು ಹೊಲಿದುಕೊಂಡಿದ್ದರು. ಹೆಂಡತಿ ತವರಿಗೆ ಹೋದವರು ವಾಹನವಿಲ್ಲದೆ ಅಲ್ಲೇ ಉಳಿದಿದ್ದಾರಂತೆ. ಕಚೇರಿ ತೆರೆದಿದ್ದ ಕಾಲದಲ್ಲಿ ಅಲ್ಲೊಂದು ಪದ್ಧತಿ ಇತ್ತಂತೆ. ಹೊಸಬರನ್ನು ಮೊದಲ ದಿನ ಒಂದೊಂದೇ ಮೇಜಿಗೆ ಕರೆದೊಯ್ಯುವುದು, ಅಲ್ಲಿ ಕುಳಿತ ಹಳಬರು ತಾವು ಹೊಸದರಲ್ಲಿ ಮಾಡಿದ ಒಂದು ತಪ್ಪನ್ನು ಹೇಳಿ ಕೈ ಕುಲುಕುವುದು. ಮನೆಗೆ ಔಷಧಿ ತಲುಪಿಸುವ ಕೆಲಸದಲ್ಲಿ ತಪ್ಪು ಮುಚ್ಚಿಟ್ಟರೆ ಯಾರದೋ ಜೀವಕ್ಕೆ ಕುತ್ತು ಬರುತ್ತದೆ, ಅದಕ್ಕೇ ಮೊದಲ ದಿನವೇ ಆ ನಾಚಿಕೆ ಬಿಡಿಸುವುದು. ಈಗ ಮೇಜೂ ಇಲ್ಲ, ಕೈ ಕುಲುಕುವಂತೆಯೂ ಇಲ್ಲ. ದಿನಕ್ಕೊಬ್ಬರು ಹಳಬರು ತೆರೆಯ ಮೇಲೆ ಬಂದು ತಮ್ಮ ತಪ್ಪು ಹೇಳಿ ಹೋಗುತ್ತಾರೆ. ಶುಕ್ರವಾರ ಮಾತ್ರ ಹೊಸಬರ ಸರದಿ.

ನಿನ್ನ ಜೊತೆಗೆ ಸೇರಿದವರಲ್ಲಿ ಒಬ್ಬಳ ಮನೆಯಲ್ಲಿ ಅವಳು ಬಾಯಿ ತೆರೆದಾಗಲೆಲ್ಲ ಕುಕ್ಕರ್ ಕೂಗುತ್ತದೆ. ನಾನು ಅವಳಿಗೆ ಕುಕ್ಕರ್ ಎಂದೇ ಹೆಸರಿಟ್ಟಿದ್ದೇನೆ. ನಿನಗೆ ಅವಳು ಖಂಡಿತ ಹಿಡಿಸುತ್ತಾಳೆ, ನಗುವುದಕ್ಕೆ ಶುರುಮಾಡಿದರೆ ನಿಲ್ಲಿಸುವುದೇ ಗೊತ್ತಿಲ್ಲ.

ಮಂಗಳವಾರ ಅವಳನ್ನು ನಾನೇ ನಗಿಸಿದೆ. ಅವತ್ತು ಅಭ್ಯಾಸದ ಕರೆ. ಸರ್ ಗಿರಾಕಿಯಾಗಿ ಮಾತನಾಡುವುದು, ನಾವು ಔಷಧಿಯ ಹೆಸರನ್ನು ಮತ್ತೊಮ್ಮೆ ಹೇಳಿ ಖಚಿತ ಮಾಡಿಕೊಂಡು ವಿಳಾಸ ಬರೆದುಕೊಳ್ಳುವುದು. ಇದನ್ನು ಅವರು ಮೊದಲೇ ವಿವರಿಸಿದ್ದರಂತೆ. ಆಗ ನಾನು ಆಸ್ಪತ್ರೆಗೆ ಫೋನು ಮಾಡಿ ನಿನ್ನ ಜ್ವರ ಕೇಳುತ್ತಿದ್ದೆ. ತಿರುಗಿ ಬಂದು ಕೂರುವಷ್ಟರಲ್ಲಿ ಕಿವಿಯಲ್ಲಿ ಮುದುಕರೊಬ್ಬರ ದನಿ. ಕೆಮ್ಮುತ್ತಾ, ಮಾತ್ರೆ ಮುಗಿದು ಎರಡು ದಿನ ಆಯ್ತಮ್ಮ, ಮನೇಲಿ ಯಾರೂ ಇಲ್ಲ, ನಂಗೆ ಎದ್ದು ಓಡಾಡಕ್ಕೂ ಆಗ್ತಿಲ್ಲ ಅಂತ. ನನ್ನ ಜೀವ ಬಾಯಿಗೆ ಬಂತು. ಔಷಧಿಯ ಹೆಸರೂ ಇಲ್ಲ, ಗಿಸರೂ ಇಲ್ಲ. ಅಳ್ಬೇಡಿ ತಾತ, ಮನೆ ಎಲ್ಲಿ ಹೇಳಿ, ನಾನೇ ತಂದುಕೊಡ್ತೀನಿ, ಬಾಗಿಲು ಮಾತ್ರ ತೆಗೆದಿಟ್ಟಿರಿ ಅಂತ ಹೇಳಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿಗೆ ಕಾಲು ತೂರಿಸಿದ್ದೆ. ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದರ ತಂತಿ ಜಗ್ಗಿ ಕಂಪ್ಯೂಟರ್ ಇನ್ನೇನು ನೆಲಕ್ಕೆ ಬೀಳಬೇಕು, ಹಿಡಿದುಕೊಂಡೆ. ಒಳಗಿನಿಂದ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ತಾತ ಸರ್ ಆಗಿ, ಕೂತ್ಕೊಳ್ಳಿ ತಾಯಿ, ನಂಗೇನೂ ಆಗಿಲ್ಲ ಅಂದರು. ನಾನೂ ನಕ್ಕೆ. ಆಮೇಲೆ ಮೈಕು ಮುಚ್ಚಿ ಸ್ವಲ್ಪ ಅತ್ತೆ. ನಿಜವಾಗಿ ಯಾರಿಗಾದರೂ ಏನಾದರೂ ಒಯ್ದು ಕೊಡುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ನಿನ್ನ ವಾರ್ಡಿನ ಬಾಗಿಲವರೆಗೂ ಬಿಡುವುದಿಲ್ಲವಲ್ಲ.

ಬುಧವಾರದಿಂದ ಎಲ್ಲರೂ ನನ್ನನ್ನು, ಅಂದರೆ ನಿನ್ನನ್ನು, ಮಾತಿಗೆ ಎಳೆಯತೊಡಗಿದರು. ಬಿಡುವಿನಲ್ಲಿ ಕುಕ್ಕರ್ ನಿನಗೇನು ಇಷ್ಟ, ಏನು ಕಷ್ಟ ಎಂದೆಲ್ಲ ಕೇಳಿದಳು. ನಿನ್ನ ವಿಷಯದಲ್ಲಿ ನಾನು ಒಂದೇ ಒಂದು ಸುಳ್ಳು ಹೇಳಿಲ್ಲ, ಬೇಕಾದರೆ ಅವಳನ್ನೇ ಕೇಳು. ಸ್ನಾನಕ್ಕೆ ಹೋದರೆ ಬೀದಿಗೆಲ್ಲ ಕೇಳುವ ಹಾಗೆ ಅಪಸ್ವರದಲ್ಲಿ ಹಾಡುತ್ತೇನೆ ಎಂದೆ. ಛತ್ರಿ ತೆಗೆದುಕೊಂಡು ಹೋದ ಕಡೆಯೆಲ್ಲ ಬಿಟ್ಟು ಬರುತ್ತೇನೆ, ಸಿಟ್ಟು ಬಂದರೆ ಕಪಾಟಿನ ಬಟ್ಟೆಯೆಲ್ಲ ಕೆಳಗೆ ಸುರಿದು ಮತ್ತೆ ಮಡಿಚಿಡುತ್ತೇನೆ, ಅಮ್ಮನಿಗೆ ಸೂಜಿಗೆ ದಾರ ಪೋಣಿಸಿಕೊಟ್ಟೇ ಮಲಗುತ್ತೇನೆ ಎಂದೆ. ಹಾಗೆ ಹೇಳುತ್ತಾ ಹೋದರೆ ನೀನು ಪಕ್ಕದ ಕೋಣೆಯಲ್ಲೇ ಇದ್ದೀಯ ಎನಿಸುತ್ತಿತ್ತು. ನಿನ್ನ ಕೆಲಸ ಉಳಿಸಲಿಕ್ಕೆ ಎಂದು ಶುರುಮಾಡಿದ್ದು ಹೌದು. ಆದರೆ ಗುರುವಾರದ ಹೊತ್ತಿಗೆ ನಾನು ಕೂರುತ್ತಿದ್ದುದು ನಿನ್ನ ಹೆಸರನ್ನು ಯಾರಾದರೂ ಬಾಯಿತುಂಬ ಕರೆಯುವುದನ್ನು ಕೇಳಲಿಕ್ಕೆ. ನೀನಿಲ್ಲದ ಮನೆ ಬಿಕೋ ಎನ್ನುತ್ತದೆ ಕಂದ, ನನ್ನ ಕೈಲಿ ಆಗುತ್ತಿಲ್ಲ.

ಇವತ್ತು ಹೊಸಬರ ಸರದಿ. ಕಂಪ್ಯೂಟರ್ ಬಿಟ್ಟು ಫೋನಿನಲ್ಲೇ ಸೇರಿಕೊಂಡೆ. ಕುಕ್ಕರ್ ಒಂದು ಮಾತ್ರೆಯ ಬದಲು ಇನ್ನೊಂದನ್ನು ಬರೆದುಕೊಂಡಿದ್ದು ಹೇಳಿದಳು. ಇನ್ನೊಬ್ಬ ಹುಡುಗ ಅಭ್ಯಾಸದ ಕರೆಯಲ್ಲಿ ಗಿರಾಕಿಯ ಮಾತು ಮುಗಿಯುವ ಮೊದಲೇ ಕರೆ ಕಡಿದಿದ್ದು ಹೇಳಿದ. ನನ್ನ ಸರದಿ ಬಂದಾಗ ತಾತನ ಕಥೆ ಹೇಳಿ ಪಾರಾಗಬಹುದಿತ್ತು, ಎಲ್ಲರೂ ಅದನ್ನೇ ಕಾಯುತ್ತಿದ್ದರು. ನಾನು ಕ್ಯಾಮೆರಾ ತೆರೆದೆ. ನನ್ನ ತಪ್ಪು ಏನಂದ್ರೆ, ನಾನು ಅವಳಲ್ಲ, ಅವಳ ಅಮ್ಮ, ಅವಳು ಆಸ್ಪತ್ರೇಲಿದ್ದಾಳೆ ಅಂದೆ. ಯಾರೂ ನಗಲಿಲ್ಲ. ಕುಕ್ಕರ್ ಬಾಯಿಗೆ ಕೈ ಅಡ್ಡ ಹಿಡಿದಳು. ತಪ್ಪು ನಂದು, ಮಗಳದ್ದಲ್ಲ, ಅವಳ ಜಾಗ ಕಿತ್ಕೋಬೇಡಿ ಅಂತ ಕೈ ಮುಗಿದೆ. ಇಷ್ಟು ದಿನ ಮುಚ್ಚಿಟ್ಟವಳು ಇವತ್ತೇ ಯಾಕೆ ಹೇಳಿದೆ ಎಂದರೆ, ಇನ್ನು ಸುಳ್ಳು ಹೇಳಲಾರೆ ಎನಿಸಿತು, ಅಷ್ಟೇ.

ಆಮೇಲೆ ಸರ್ ಫೋನು ಮಾಡಿದರು. ಅವರ ಮೇಲಧಿಕಾರಿ ಮೇಡಂ ಚೆನ್ನಾಗಿ ಬೈದರಂತೆ. ಗುಪ್ತ ಪದ ಬೇರೆಯವರ ಕೈಗೆ ಹೋಗುವುದು ಸಣ್ಣ ತಪ್ಪಲ್ಲ, ನಿಜವಾದ ಗಿರಾಕಿಯ ಒಂದೇ ಒಂದು ಕರೆ ನಾನು ಕೇಳಿದ್ದರೂ ಕಥೆ ಬೇರೆಯೇ ಆಗುತ್ತಿತ್ತಂತೆ. ಪುಣ್ಯಕ್ಕೆ ಈ ವಾರವೆಲ್ಲ ಅಭ್ಯಾಸವೇ. ನೀನು ಬಂದ ಮೇಲೆ ನಿನಗೂ ಒಂದಿಷ್ಟು ಬೈಗುಳ ಕಾದಿದೆ, ತಲೆ ತಗ್ಗಿಸಿ ಕೇಳಿಸಿಕೋ. ಈ ತಂಡದಿಂದ ನಿನ್ನನ್ನು ತೆಗೆದಿದ್ದಾರೆ. ಆದರೆ ಕೆಲಸದಿಂದ ತೆಗೆದಿಲ್ಲ, ತಿಳಿಯಿತೇ? ನೀನು ಗುಣವಾಗಿ ಎದ್ದ ಮೇಲೆ ಶುರುವಾಗುವ ತಂಡದಲ್ಲಿ ಮೊದಲಿನಿಂದ ಕಲಿಯಬೇಕು. ಸರ್ ನನ್ನನ್ನೇ ಕೇಳಿದರು, ಮೊದ್ಲೇ ಹೇಳಿದ್ರೆ ನಾವು ಕಾಯ್ತಾ ಇರ್ಲಿಲ್ವೇನಮ್ಮ ಅಂತ. ನಾಲಿಗೆ ಕಚ್ಚಿಕೊಂಡೆ. ಎಲ್ಲ ಕಂಪನಿಯೂ ಒಂದೇ ಎಂದು ಅಮ್ಮ ಮಗಳು ಸೇರಿ ತೀರ್ಪು ಕೊಟ್ಟುಬಿಟ್ಟಿದ್ದೆವಲ್ಲ.

ಆದ್ದರಿಂದ ಕೆಲಸ ಹೋಯ್ತಾ ಎಂದು ನರ್ಸಮ್ಮನ ಪ್ರಾಣ ಹಿಂಡುವುದನ್ನು ಇವತ್ತಿಗೆ ನಿಲ್ಲಿಸು. ಹೋಗಿಲ್ಲ. ಇನ್ನು ನಿನ್ನ ಪಾಲಿಗೆ ಇರುವ ಕೆಲಸ ಒಂದೇ, ಉಸಿರಾಡುವುದು. ಅದರ ತರಬೇತಿಗೆ ನಿನ್ನ ಬದಲು ನಾನು ಹಾಜರಾಗಲಾರೆ.

ನಿನ್ನ ದಾರಿ ಕಾಯುವ, ಬಾಯಿಬಡುಕಿ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಂದೆ. ನಾನು ಮನೆಯಲ್ಲಿಲ್ಲ ಪುಟ್ಟಾ. ಗುರುವಾರ ಪಾಠ ಮುಗಿದ ಮೇಲೆ ಜ್ವರ ಏರಿತು, ಅದೇ ಆಂಬುಲೆನ್ಸಿನವರು ನನ್ನನ್ನೂ ಕರೆತಂದರು. ನಿನ್ನ ಮೇಲಿನ ಮಹಡಿಯಲ್ಲೇ ಇದ್ದೇನೆ. ನಾಳೆಯಿಂದ ನಿನ್ನ ಹೆಸರಿಗೆ ಓಗೊಡಲು ಆಗುತ್ತದೋ ಇಲ್ಲವೋ ಎಂದು ಹೆದರಿ ಇವತ್ತೇ ಹೇಳಿಬಿಟ್ಟೆ. ಕ್ಯಾಮೆರಾ ತೆರೆದಾಗ ಅವರೆಲ್ಲ ಕಂಡಿದ್ದು ನನ್ನ ಹಾಸಿಗೆಯನ್ನು, ಮೂಗಿನ ನಳಿಕೆಯನ್ನು. ಗಾಬರಿಯಾಗಬೇಡ, ನನ್ನದು ನಿನ್ನಷ್ಟು ಜೋರಿಲ್ಲ, ಇಷ್ಟುದ್ದ ಬರೆದಿದ್ದೇನೆ ನೋಡು. ನಮ್ಮಿಬ್ಬರಲ್ಲಿ ಯಾರು ಮೊದಲು ಮೆಟ್ಟಿಲವರೆಗೆ ನಡೆಯುತ್ತಾರೋ ಅವರನ್ನು ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋಗುತ್ತೇವೆ ಎಂದು ಡಾಕ್ಟರು ಮಾತು ಕೊಟ್ಟಿದ್ದಾರೆ. ನಾನು ಇವತ್ತು ಕಿಟಕಿಯವರೆಗೆ ನಡೆದೆ. ನೀನು?