ದೀಪಸ್ತಂಭದ ಆಟ ಆಡಿದವರು

ಜೂನ್ ೧೪, ಭಾನುವಾರ

ಪುಟ್ಟೀ,

ಹೇಗಿದ್ದೀಯೇ? ಬರೆಯೋದು ತಡವಾಯ್ತು, ಮುನಿಸಿಕೊಳ್ಳಬೇಡ. ಅಂಗಡಿಯಲ್ಲಿ ಕೈತುಂಬ ಕೆಲಸ. ಒಬ್ಬರು ಮದುವೆ ಫೋಟೋ ತರ್ತಾರೆ, ಒಬ್ಬರು ಮಗು ಗೀಚಿದ ಹಾಳೆ ತರ್ತಾರೆ, ಎಲ್ಲಕ್ಕೂ ಫ್ರೇಮ್ ಹಾಕಿಕೊಡ್ತೀನಿ. ಮನೆಗೆ ಬಂದರೆ ಮಾತಾಡೋಕೆ ಒಂದು ನರಪಿಳ್ಳೆಯೂ ಇಲ್ಲ. ಟಿವಿಯಲ್ಲಿ ವಾರ್ತೆ ಓದೋಳ ಜೊತೆ ಜಗಳ ಆಡ್ತೀನಿ.

ಸುದ್ದಿ ಕೇಳು. ಹಳೇ ವಿಡಿಯೋ ಗೇಮ್ ಅಭಿಮಾನಿಗಳ ಆ ವೆಬ್‌ಸೈಟಿಗೆ ನಾನೂ ಸೇರಿದೆ. ನೀನು ಅಲ್ಲಿ ಬರೀತೀಯ ಅಂತ ನಿನ್ನ ಅತ್ತೆ ಬಾಯಿಬಿಟ್ಟಳು. ಅಬ್ಬಬ್ಬಾ, ಏನು ಕಿತ್ತಾಟವೇ ಅದು! ನೀನು ಶಾಲೆಗೆ ಹೋಗುವಾಗ ನಮ್ಮನೇಲಿತ್ತಲ್ಲ ದೀಪಸ್ತಂಭದ ಆಟ, ಅದು ಅಡ್ವೆಂಚರ್ ಗೇಮ್ ಅಲ್ಲವಂತೆ. ಬಿಡಿಸೋಕೆ ಒಗಟಿಲ್ಲ, ಚೀಲಕ್ಕೆ ಹಾಕ್ಕೊಳ್ಳೋಕೆ ಸಾಮಾನಿಲ್ಲ, ಸುಮ್ಮನೆ ಓಡಾಡಿಕೊಂಡು ನೋಡೋದು, ಅದೂ ಒಂದು ಆಟವಾ ಅಂತ ಒಬ್ಬ. ಅದು ಆಟವೇ ಅಲ್ಲ, ಕಲೆ ಅಂತ ಇನ್ನೊಬ್ಬ. ನನಗೆ ಮೈ ಉರಿದುಹೋಯ್ತು. ಅದರಲ್ಲಿ ಬರೋ ಆ ಬಂದರಿನ ಒದ್ದೆ ಕಲ್ಲಿನ ಮೇಲೆ ಹಳದಿ ಬೆಳಕು ಬರೆದವನು ಆಟಕ್ಕೆ ಅಂತಲೇ ತಾನೇ ಬರೆದದ್ದು? ಎರಡೂ ಆಗಬಾರದು ಅಂತ ಇವರಿಗೆ ಯಾರು ಹೇಳಿದ್ದು?

ಅದನ್ನೇ ಬರೆದು ಹಾಕಿದೆ. ನನ್ನ ಪೆದ್ದುತನ ನೋಡು, ಕಾಗದ ಬರೆಯೋ ಹಾಗೆ ಮೇಲೆ ‘ಮಕ್ಕಳೇ, ಎಲ್ಲರೂ ಕ್ಷೇಮ ತಾನೇ?’ ಅಂತ, ಕೆಳಗೆ ‘ಹೊತ್ತಿಗೆ ಸರಿಯಾಗಿ ಊಟ ಮಾಡಿ’ ಅಂತ ಸೇರಿಸಿಬಿಟ್ಟೆ. ‘ಇವರು ಯಾರ ಅಮ್ಮನಪ್ಪಾ?’ ಅಂತ ಬಿದ್ದು ಬಿದ್ದು ನಕ್ಕರು. ನಿನಗೆ ಮುಜುಗರ ಆದೀತು ಅಂತ ನಾನು ಉತ್ತರ ಕೊಡಲಿಲ್ಲ.

ನೀನು ಬರೆದದ್ದೂ ಓದಿದೆ. ‘ಒಗಟು ಬಿಡಿಸಿದರೆ ಮಾತ್ರ ಆಟ ಅನ್ನಬೇಡಿ. ಚಿತ್ರದೊಳಗೆ ನಿಂತು ಕಣ್ತುಂಬ ನೋಡೋದೂ ಆಡಿದ ಹಾಗೇ’ ಅಂದಿದ್ದೀಯ. ಎಷ್ಟು ಚೆನ್ನಾಗಿ ಬರೀತೀಯೇ! ಅಂಗಡಿ ಯಜಮಾನರಿಗೂ ಓದಿ ಹೇಳಿದೆ. ‘ನಿಮ್ಮ ಮಗಳಾ?’ ಅಂದರು. ಹೌದು ಅಂದೆ.

ಆರೋಗ್ಯ ನೋಡಿಕೋ. ಎಲ್ಲಿದ್ದರೂ ಚೆನ್ನಾಗಿರು. ಬಿಡುವಾದಾಗ ಫೋನ್ ಮಾಡು, ಜಗಳ ಆಡೋಕಾದರೂ.

ನಿನ್ನ
ಅಮ್ಮ

ಇನ್ನೊಂದು ಮಾತು: ಚಿಕ್ಕವರಿದ್ದಾಗ ಈ ಆಟ ಯಾರ ಜೊತೆ ಆಡ್ತಿದ್ರಿ ಅಂತ ಅಲ್ಲಿ ಯಾರೋ ನಿನ್ನನ್ನು ಕೇಳಿದ್ದರು. ‘ಯಾರೂ ಇರಲಿಲ್ಲ, ಒಬ್ಬಳೇ ಆಡ್ತಿದ್ದೆ’ ಅಂತ ಬರೆದಿದ್ದೀಯ. ಮೌಸ್ ನಿನ್ನ ಕೈಯಲ್ಲೇ ಇತ್ತು, ನಿಜ. ನಾನು ಮುಟ್ಟಿದವಳೇ ಅಲ್ಲ. ಆದರೆ ಪಕ್ಕದಲ್ಲಿ ಸ್ಟೂಲ್ ಎಳಕೊಂಡು ಕೂತು, ದೋಣಿ ಕೆಳಗೆ ನೋಡೇ, ಕಿಟಕಿ ಪರದೆ ಹಿಂದೆ ನೋಡೇ ಅಂತಿದ್ದದ್ದು ಯಾರೇ? ನೋಡೋದೂ ಆಡಿದ ಹಾಗೇ ಅಂತ ಊರವರ ಹತ್ತಿರವೆಲ್ಲ ವಾದ ಮಾಡ್ತೀಯಲ್ಲ ಪುಟ್ಟೀ, ನನ್ನನ್ನೂ ಆಟಕ್ಕೆ ಸೇರಿಸಿಕೊಳ್ಳೇ.